ಗೋಡೆ ಅಳೆದವನ ಪಾಡು

ಬಾಣಪ್ಪ ಆ ಬೆಳಿಗ್ಗೆ ಗೋಡೆ ಅಳೆಯದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆದರೆ ಅಳೆಯದೆ ಅವನಿಗೆ ಬೇರೆ ಗತಿಯೂ ಇರಲಿಲ್ಲ. ಮೇಜು ಸಾಲದೆ, ಮನೆಯಲ್ಲಿ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಅವನು ಬರೆದ ನಕ್ಷೆ ಮಡಿಕೆ ಬಿಚ್ಚಿದರೆ ಜೋಡಿ ಮಂಚಕ್ಕೆ ಹೊದಿಸುವಷ್ಟಿತ್ತು. ಸಂಜೆ ಅದನ್ನು ದೊಡ್ಡ ಮೇಡಂ ಎದುರಿಗೆ ಗೋಡೆಗೆ ಅಂಟಿಸಿ ವಿವರಿಸಬೇಕು. ಕಚೇರಿಯಲ್ಲಿ ಅಷ್ಟಗಲ ಖಾಲಿ ಇದ್ದದ್ದು ಮಾರಾಟ ವಿಭಾಗಕ್ಕೂ ಲೆಕ್ಕದ ವಿಭಾಗಕ್ಕೂ ನಡುವಿನ ಗೋಡೆಯೊಂದೇ. ಅಳತೆ ಟೇಪಿನ ಒಂದು ತುದಿಯನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎಳೆಯುತ್ತ ಅವನು ಏಡಿಯಂತೆ ಅಡ್ಡಡ್ಡ ಸರಿದ. ಆಮೇಲೆ ಹಿಂದಕ್ಕೆ ಬಂದು, ಒಂದು ಕಣ್ಣು ಮುಚ್ಚಿ ನೋಡಿ, ತಲೆ ಅಲ್ಲಾಡಿಸಿ, "ಊಹ್ಞೂಂ, ಈ ಗೋಡೆ ಆಗಲ್ಲ" ಎಂದು ತನಗೆ ತಾನೇ ಹೇಳಿಕೊಂಡ.

ಅದು ಮಾತಿನಮಲ್ಲರ ಕಿವಿಗೆ ಬಿತ್ತು.

ಮಾತಿನಮಲ್ಲರು ಮಾರಾಟ ವಿಭಾಗದ ಮುಖ್ಯಸ್ಥರು. ಬ್ರಹ್ಮಚಾರಿಗೂ ಜೋಡಿ ಹಾಸಿಗೆ ಮಾರಿ, 'ಇವತ್ತಲ್ಲ ನಾಳೆ ಬೇಕಾಗುತ್ತೆ ಇಟ್ಕೊಳ್ಳಿ' ಎಂದು ಹೇಳಿ ಬಂದವರು. ಅವರ ಕಿವಿಗೆ ಬಿದ್ದ ಮಾತು ಬಾಯಿಗೆ ಬರುವುದಕ್ಕೆ ನಡುವೆ ತಲೆಯ ಮೂಲಕ ಹಾಯಬೇಕಾದ ಅಗತ್ಯ ಇರಲಿಲ್ಲ. ಬಾಣಪ್ಪ ಟೇಪು ಸುತ್ತಿಕೊಂಡು ತನ್ನ ಕೋಣೆ ಸೇರುವ ಮೊದಲೇ ಸುದ್ದಿ ಕಚೇರಿಯನ್ನು ಒಂದು ಸುತ್ತು ಹಾಕಿ ಬಂದಿತ್ತು. "ಗೋಡೆ ಒಡೀತಾರಂತೆ!"

ಬಾಣಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಹಾಸಿಗೆ, ದಿಂಬು ತಯಾರಿಸುವ ಆ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಅವನು ಬಹಳ ವರ್ಷಗಳಿಂದ ಇದ್ದ. ಯಾರು ಏನು ಕೇಳಿದರೂ ಒಂದು ಚೌಕ ಬರೆದು, ಪಕ್ಕದಲ್ಲಿ ಇನ್ನೊಂದು ಚೌಕ ಬರೆದು, ನಡುವೆ ಬಾಣ ಎಳೆದು ಉತ್ತರ ಹೇಳುವುದು ಅವನ ಅಭ್ಯಾಸ. ಒಮ್ಮೆ ಶೌಚಾಲಯ ಎಲ್ಲಿ ಎಂದು ಕೇಳಿದ ಅತಿಥಿಯೊಬ್ಬರಿಗೂ ಹಾಗೇ ಬರೆದುಕೊಟ್ಟಿದ್ದ. ಅವರು ಬಾಣದ ಗುರಿ ಹಿಡಿದು ಹೋಗಿ ಗೋದಾಮು ತಲುಪಿದ್ದರು. ಅಂದಿನಿಂದ ಅವನು ಬಾಣಪ್ಪ.

ಕಂಪನಿಯ ರೋಗವನ್ನು ಮೊದಲು ಕಂಡುಹಿಡಿದವನೂ ಅವನೇ. ಮಾರಾಟದವರಿಗೆ ಒಂದು ಕಂಪ್ಯೂಟರ್ ವ್ಯವಸ್ಥೆ, ಗೋದಾಮಿನವರಿಗೆ ಇನ್ನೊಂದು, ಲೆಕ್ಕದವರಿಗೆ ಮತ್ತೊಂದು. ಒಬ್ಬನೇ ಗಿರಾಕಿ ಮೂರು ಕಡೆ ಮೂರು ನಂಬರು ಹೊತ್ತು ಮೂರು ಜನ ಆಗಿಬಿಡುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ. ಹೊಸದಾಗಿ ಮದುವೆಯಾದ ಜೋಡಿಯೊಂದು ದೊಡ್ಡ ಹಾಸಿಗೆ ಕೇಳಿದರೆ ಅವರ ಮನೆಗೆ ಹೋದದ್ದು ತೊಟ್ಟಿಲ ಹಾಸಿಗೆ. ಅವರ ದೂರು ಮೂರು ವಿಭಾಗಗಳ ನಡುವೆ ಅಲೆದು, ಕೊನೆಗೆ ಸರಿಯಾದ ದೊಡ್ಡ ಹಾಸಿಗೆ ಅವರ ಬಾಗಿಲಿಗೆ ಬರುವ ಹೊತ್ತಿಗೆ ಅವರಿಗೆ ತೊಟ್ಟಿಲಿನದೇ ಬೇಕಾಗಿತ್ತು.

ಈ ಕತೆ ಕೇಳಿದ ದೊಡ್ಡ ಮೇಡಂ, ಅಂದರೆ ಕಂಪನಿಯ ನಿರ್ದೇಶಕಿ, ನಗಲಿಲ್ಲ. ಬಾಣಪ್ಪನನ್ನು ಕರೆದು ಹೇಳಿದರು: "ದೊಡ್ಡ ದೊಡ್ಡ ಕಂಪನಿಗಳಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತ ಒಂದು ವಿಭಾಗ ಇರುತ್ತೆ. ನಮ್ಮಲ್ಲೂ ನೀವು ಕಟ್ಟಿ. ಯಾರ ಕೆಲಸ ಯಾರ ಕೈಗೆ ಹೋಗುತ್ತೆ, ಯಾವ ಮಾಹಿತಿ ಎಲ್ಲಿ ಕೂತಿದೆ, ಯಾವುದನ್ನ ಮೂರ್ಮೂರು ಸಲ ಮಾಡ್ತಿದೀವಿ, ಮುಂದೆ ಹೇಗಿರಬೇಕು, ಎಲ್ಲಾ ಒಂದೇ ನಕ್ಷೇಲಿ ಕಾಣಬೇಕು. ಮೂವರೂ ಮುಖ್ಯಸ್ಥರು ಒಟ್ಟಿಗೆ ಕೂತು ಒಪ್ಪಬೇಕು. ಅವರು ಒಪ್ಪದ ನಕ್ಷೆ ನನಗೆ ಬೇಡ."

ವಿಭಾಗ ಎಂದರೆ ಬಾಣಪ್ಪ, ಒಂದು ಕುರ್ಚಿ, ಒಂದು ಮೇಜು. ಆದರೂ ಅವನು ಅಂದು ಮನೆಗೆ ಹಾರಿಕೊಂಡೇ ಹೋಗಿದ್ದ. ನಕ್ಷೆ ಬರೆಯುವುದು ಸುಲಭವಾಯಿತು. ಆದರೆ ಮೂವರನ್ನು ಒಂದು ಕೋಣೆಯಲ್ಲಿ ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹಾರುತ್ತಿದ್ದರು. ಮಾತಿನಮಲ್ಲರಿಗೂ ಗೋದಾಮಿನ ಮುಖ್ಯಸ್ಥ ಗೋದಾಮಣ್ಣನಿಗೂ ಮಾತು ನಿಂತು ವರ್ಷಗಳಾಗಿದ್ದವು. ಲೆಕ್ಕದ ವಿಭಾಗದ ಮುಖ್ಯಸ್ಥೆ ಲೆಕ್ಕದಕ್ಕ ಇಬ್ಬರ ಜೊತೆಗೂ ಮಾತಾಡುತ್ತಿದ್ದರು, ಆದರೆ ಬೈಯುವುದಕ್ಕೆ ಮಾತ್ರ. ತಿಂಗಳುಗಟ್ಟಲೆ ಕಾದ ದೊಡ್ಡ ಮೇಡಂ ಕೊನೆಗೆ, "ಈ ಶುಕ್ರವಾರ ಸಂಜೆ ನಾನು ನೋಡಲೇಬೇಕು. ಇಲ್ಲಾಂದ್ರೆ ವಿಭಾಗ ಮುಚ್ಚೋಣ, ನೀವು ಪ್ರಿಂಟರ್ ರಿಪೇರಿಗೆ ವಾಪಸ್ ಹೋಗಿ" ಎಂದುಬಿಟ್ಟಿದ್ದರು.

ಇವತ್ತೇ ಆ ಶುಕ್ರವಾರ.

ಇದೆಲ್ಲ ಸಾಲದು ಎಂಬಂತೆ, ಅಂದು ಬೆಳಿಗ್ಗೆಯೇ ಅವನ ಬಾಗಿಲಿಗೆ ಹೊಸ ಫಲಕ ಬಂದಿತ್ತು. ಆಡಳಿತ ವಿಭಾಗದವರು ನಿಘಂಟು ತೆರೆದು, ಆರ್ಕಿಟೆಕ್ಚರ್ ಎಂಬ ಪದದ ಮುಂದೆ ಏನಿದೆಯೋ ಅದನ್ನೇ ದಪ್ಪಕ್ಷರದಲ್ಲಿ ಬರೆಸಿದ್ದರು: 'ಉದ್ಯಮ ವಾಸ್ತುಶಿಲ್ಪ ವಿಭಾಗ'. ಬೆಳಿಗ್ಗೆ ಬಾಗಿಲಿಗೆ ವಾಸ್ತುಶಿಲ್ಪ ಎಂದು ಫಲಕ ಹಾಕಿಸಿಕೊಂಡ ಮನುಷ್ಯ, ಕಾಫಿಗೆ ಮುಂಚೆ ಟೇಪು ಹಿಡಿದು ಗೋಡೆ ಅಳೆದರೆ ಜನ ಏನು ತಿಳಿಯಬೇಕು ಹೇಳಿ.

ಮೊದಲು ಬಂದವರು ಗೋದಾಮಣ್ಣ. ಕೈಯಲ್ಲಿ ಎರಡು ಲೋಟ ಕಾಫಿ. ಗೋದಾಮಣ್ಣ ಇನ್ನೊಬ್ಬರಿಗೆ ಕಾಫಿ ಕೊಡಿಸಿದ್ದನ್ನು ಕಂಡವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ.

"ಬಾಣಪ್ಪನವರೇ, ನಮ್ಮಿಬ್ಬರ ಸ್ನೇಹ ಇವತ್ತಿಂದಾ?" ಎಂದರು.

ಬಾಣಪ್ಪ ಯೋಚಿಸಿದ. ಇವತ್ತಿನದೇ ಅನಿಸಿತು. ಆದರೂ, "ಛೆ ಛೆ, ಕೂತ್ಕೊಳ್ಳಿ ಅಣ್ಣ" ಎಂದ.

"ಒಡೆಯೋದಾದ್ರೆ ಎಲ್ಲಾ ಒಡೀರಿ. ನನ್ನ ಮತ್ತೆ ಆ ಮಾತಿನಮಲ್ಲನ ನಡುವೆ ಇರೋ ಗೋಡೆ ಮಾತ್ರ ಬಿಟ್ಬಿಡಿ. ಸಾಧ್ಯ ಆದ್ರೆ ಪಕ್ಕದಲ್ಲಿ ಇನ್ನೊಂದು ಕಟ್ಸಿ, ಡಬಲ್. ಆ ಮನುಷ್ಯನ ನಗು ಇಟ್ಟಿಗೇನೂ ತೂರ್ಕೊಂಡ್ ಬರುತ್ತೆ."

"ಯಾವ ಗೋಡೆ ಅಣ್ಣಾ? ನಾನು ಮಾಡ್ತಿರೋದು ಮಾಹಿತಿ ಹೇಗೆ ಹರಿಯುತ್ತೆ ಅನ್ನೋದರ..."

"ಹರಿಯೋದಾ? ಅಯ್ಯೋ, ಒಳ್ಳೇದೇ ನೆನಪು ಮಾಡಿದ್ರಿ. ನನ್ನ ರೂಮಿನ ಮೂಲೇಲೂ ಹರೀತಿದೆ. ಮೇಲಿನ ಪೈಪು ಸೋರ್ತಾ ಇದೆ ಅಂತ ಎಷ್ಟು ಸಲ ಬರೆದೆ ಅಂತೀರಿ. ಅದನ್ನೂ ನಿಮ್ಮ ನಕ್ಷೇಲಿ ಸೇರಿಸ್ಕೊಂಡ್ಬಿಡಿ." ಎರಡೂ ಲೋಟದ ಕಾಫಿಯನ್ನು ತಾವೇ ಕುಡಿದು ಗೋದಾಮಣ್ಣ ಎದ್ದು ಹೋದರು.

ಅವರು ಹೋದ ಬಾಗಿಲಿನಿಂದಲೇ ಲೆಕ್ಕದಕ್ಕ ಬಂದರು. ಬಿಗಿದು ಕಟ್ಟಿದ ತುರುಬು, ಮೂಗಿನ ತುದಿಗೆ ಕನ್ನಡಕ. ಅವರು ಕೂರಲಿಲ್ಲ. ಕೂರುವುದು ಅವರ ದೃಷ್ಟಿಯಲ್ಲಿ ರಾಜಿಯ ಮೊದಲ ಹೆಜ್ಜೆ.

"ಏನಪ್ಪಾ, ನನ್ನ ಕಿಟಕಿ ಕಿತ್ಕೋತೀಯಂತೆ?"

"ಯಾರಕ್ಕಾ ಹೇಳಿದ್ದು?"

"ಯಾರು ಹೇಳಿದ್ರೇನು? ಆ ಕಿಟಕಿ ಪಕ್ಕದಲ್ಲಿ ಕೂತು ನನ್ನ ಕೂದಲು ಬೆಳ್ಳಗಾಗಿದೆ. ನೇರವಾಗಿ ಹೇಳು. ನಿನ್ನ ಯೋಜನೆ ಏನು?"

ಬಾಣಪ್ಪನಿಗೆ ಸಂತೋಷವಾಯಿತು. ತಿಂಗಳುಗಳ ನಂತರ ಮುಖ್ಯಸ್ಥರೊಬ್ಬರು ತಾವಾಗಿಯೇ ಬಂದು ಅವನ ಯೋಜನೆ ಕೇಳುತ್ತಿದ್ದರು! ಕಿಟಕಿಯ ಮಾತನ್ನು ಅವನು ಅಲ್ಲಿಗೇ ಮರೆತುಬಿಟ್ಟ. ಒಂದು ಹಾಳೆ ತೆಗೆದು ಮೂರು ಚೌಕ ಬರೆದ.

"ನೋಡಿ ಅಕ್ಕಾ, ಈಗ ಮಾರಾಟ, ಗೋದಾಮು, ಲೆಕ್ಕ, ಮೂರೂ ಬೇರೆಬೇರೆ. ಒಬ್ಬರಿಗೆ ಇನ್ನೊಬ್ಬರು ಕಾಣಲ್ಲ. ನಾನೇನು ಮಾಡ್ತೀನಿ, ಈ ನಡುವೆ ಇರೋದನ್ನೆಲ್ಲಾ ತೆಗೆದುಹಾಕ್ತೀನಿ. ಹಳೇದೆಲ್ಲಾ ಗುಜರಿಗೆ. ಮೂರನ್ನೂ ಸೇರಿಸಿ ಒಂದೇ ಮಾಡಿಬಿಡ್ತೀನಿ. ಆಮೇಲೆ ನೀವು ಏನು ಮಾಡ್ತಿದೀರಿ ಅನ್ನೋದು ಅವರಿಗೆ ಕಾಣುತ್ತೆ, ಅವರು ಮಾಡೋದು ನಿಮಗೆ ಕಾಣುತ್ತೆ. ಎಷ್ಟು ಚೆನ್ನಾಗಿರುತ್ತೆ ಅಲ್ವಾ?"

ಲೆಕ್ಕದಕ್ಕನ ಕನ್ನಡಕ ಮೂಗಿನ ತುದಿಯಿಂದ ಜಾರಿ ಬಿತ್ತು. ಮಧ್ಯಾಹ್ನ ಊಟದ ನಂತರ ಅವರು ಕುರ್ಚಿಯಲ್ಲೇ ಒಂದು ಸಣ್ಣ ನಿದ್ದೆ ತೆಗೆಯುವುದು ಕಚೇರಿಗೆಲ್ಲ ಗೊತ್ತಿದ್ದರೂ ಯಾರೂ ಕಂಡವರಿರಲಿಲ್ಲ. ಗೋಡೆ ಇತ್ತಲ್ಲ.

"ಚೆನ್ನಾಗಿರುತ್ತೆ" ಎಂದು ಹಲ್ಲು ಕಚ್ಚಿ ಹೇಳಿ ಅವರು ಹೊರಟುಹೋದರು.

'ಒಪ್ಪಿದರು!' ಎಂದುಕೊಂಡ ಬಾಣಪ್ಪ.

ಅಷ್ಟರಲ್ಲಿ ಫೋನು ಬಂತು. ಹೆಂಡತಿ.

"ರೀ, ನನಗೊಂದು ಮಾತು ಹೇಳ್ಬಾರ್ದಾ? ಇಡೀ ಕಟ್ಟಡ ಬೀಳಿಸಿ ಹೊಸದು ಕಟ್ಟೋ ಜವಾಬ್ದಾರಿ ನಿಮಗೇ ಕೊಟ್ಟಿದಾರಂತೆ!"

"ಯಾರು ಹೇಳಿದ್ರೇ ನಿನಗೆ?"

"ನಿಮ್ಮ ಮಾತಿನಮಲ್ಲರ ಹೆಂಡ್ತಿ. ಪಾಪ, ಅಳ್ತಾ ಇದ್ರು. ಅವರ ಯಜಮಾನರನ್ನ ಮೆಟ್ಟಿಲ ಕೆಳಗೆ ಕೂರಿಸ್ತೀರಂತಲ್ಲ, ಸ್ವಲ್ಪ ಗಾಳಿ ಬೆಳಕು ಇರೋ ಕಡೆ ಜಾಗ ಕೊಡ್ಸಿ ಅಂದ್ರು. ನಾನೂ ಹ್ಞೂಂ ಅಂದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬಾಣಪ್ಪ ಹಣೆ ಚಚ್ಚಿಕೊಂಡ. "ಮಾರಾಯ್ತಿ, ನಾನು ಕಟ್ತಿರೋದು ಅಂಥ ಕಟ್ಟಡ ಅಲ್ಲ! ಅದು ಕಂಪ್ಯೂಟರಿಗೆ ಸಂಬಂಧಪಟ್ಟ..."

"ಅದೆಲ್ಲಾ ನನಗೆ ಹೇಳ್ಬೇಡಿ. ಅಪ್ಪನಿಗೆ ಹೇಳಿ. ಸುದ್ದಿ ಕೇಳಿದ್ದೇ ತಡ, ಚೀಲ ಎತ್ಕೊಂಡು ಹೊರಟೇಬಿಟ್ರು. ಇಷ್ಟು ಹೊತ್ತಿಗೆ ನಿಮ್ಮ ಗೇಟಿನ ಹತ್ರ ಇರ್ಬೇಕು."

ಬಾಣಪ್ಪ ಫೋನನ್ನು ಮೇಜಿನ ಮೇಲೆ ಬಿಟ್ಟು ಬಾಗಿಲಿಗೆ ಹಾರಿದ.

ಮಾವ ಒಂದು ಕಾಲಕ್ಕೆ ದೊಡ್ಡ ಮೇಸ್ತ್ರಿ. ಊರಿನ ಅರ್ಧ ಮನೆಗಳು ತಾವು ಕಟ್ಟಿದವು, ಉಳಿದರ್ಧ ತಾವು ಕಟ್ಟಬೇಕಾಗಿದ್ದವು ಎನ್ನುವುದು ಅವರ ಲೆಕ್ಕ. ನಿವೃತ್ತಿಯಾದ ಮೇಲೆ ಮಗಳ ಮನೆಯಲ್ಲಿದ್ದುಕೊಂಡು, ಒಡೆಯುವುದಕ್ಕೆ ಏನೂ ಸಿಗದೆ ಬೇಸತ್ತು, ಒಮ್ಮೆ ಸ್ನಾನದ ಮನೆಯ ಒಳ್ಳೆಯ ಟೈಲ್ಸನ್ನೇ 'ಸದ್ದು ಸರಿ ಇಲ್ಲ' ಎಂದು ಕಿತ್ತುಹಾಕಿದ್ದರು. ಅಳಿಯ ಮಾಡುವ ಕೆಲಸ ಏನೆಂದು ಅವರಿಗೆ ಇದುವರೆಗೆ ಅರ್ಥವಾಗಿರಲಿಲ್ಲ. ಇವತ್ತು ಅರ್ಥವಾಗಿತ್ತು. ಅದೇ ಅಪಾಯ.

ಬಾಣಪ್ಪ ಮೆಟ್ಟಿಲಿಳಿದು ಓಡುವಷ್ಟರಲ್ಲಿ ಮಾವ ಎರಡು ಮೆಟ್ಟಿಲಿಗೊಂದರಂತೆ ಕಾಲಿಡುತ್ತ ಮೇಲೆ ಬರುತ್ತಿದ್ದರು. ಹೆಗಲಿಗೆ ಕ್ಯಾನ್ವಾಸು ಚೀಲ, ಅದರ ಬಾಯಿಂದ ಇಣುಕುವ ಸುತ್ತಿಗೆಯ ಹಿಡಿ, ಕೈಯಲ್ಲಿ ದಾರಕ್ಕೆ ಕಟ್ಟಿದ ತೂಗುಗುಂಡು. ಮುಖ ಮದುಮಗನ ಮುಖದಂತೆ ಹೊಳೆಯುತ್ತಿತ್ತು.

"ಅಳಿಯಂದಿರೇ! ಕೊನೆಗೂ ಗಂಡಸರು ಮಾಡೋ ಕೆಲಸಕ್ಕೆ ಕೈ ಹಾಕಿದ್ರಿ! ಎಲ್ಲಿ, ಗೋಡೆ ಎಲ್ಲಿ?"

"ಮಾವ, ಸ್ವಲ್ಪ ನನ್ನ ಮಾತು ಕೇಳಿ. ಇಲ್ಲಿ ಗೋಡೆ ಒಡೆಯೋ ಪ್ರಶ್ನೇನೇ ಇಲ್ಲ. ನಾನು ಮಾಡ್ತಿರೋದು ಎಂಟರ್‌ಪ್ರೈಸ್ ಆರ್ಕಿಟೆಕ್ಚರು."

"ಗೊತ್ತು ಗೊತ್ತು. ಆರ್ಕಿಟೆಕ್ಟುಗಳ ಜೊತೆ ನಲವತ್ತು ವರ್ಷ ಏಗಿದೀನಿ. ನೀವು ಹಾಳೆ ಮೇಲೆ ಗೆರೆ ಎಳೀತೀರಿ, ಆಮೇಲೆ ಮೇಲಿನ ತೊಲೆ ಬಂದು ತಲೆ ಮೇಲೆ ಕೂರುತ್ತೆ. ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಸುಮ್ನೆ ನಿಂತಿದೆ ಅಂತ ಮೊದಲು ಕೇಳ್ಬೇಕು."

"ಯಾರನ್ನ ಕೇಳೋದು?"

"ಗೋಡೇನ!" ಎಂದವರೇ ಮಾವ ಬೆಳಿಗ್ಗೆ ಬಾಣಪ್ಪ ಅಳೆದ ಗೋಡೆಯ ಮುಂದೆ ನಿಂತು, ಸುತ್ತಿಗೆ ತೆಗೆದು, ಕಿವಿಯನ್ನು ಗೋಡೆಗೆ ಹಚ್ಚಿ, ಡಾಕ್ಟರು ಎದೆ ಬಡಿದು ನೋಡುವಂತೆ ಟಕ್ ಟಕ್ ಎಂದು ಬಡಿದರು. "ಇದು ಟೊಳ್ಳು. ಅಲ್ಲಿ ನೋಡಿ... ಗಟ್ಟಿ. ಇದು ಮತ್ತೆ ಟೊಳ್ಳು."

"ಮಾವ, ಬೇಡ!"

"ಇನ್ನೊಂದೇ ಒಂದು" ಎಂದು ಮಾವ ಸ್ವಲ್ಪ ಹುಮ್ಮಸ್ಸಿನಿಂದಲೇ ಬಡಿದರು.

ಗೋಡೆಯ ಈಚೆ ಏನೂ ಆಗಲಿಲ್ಲ. ಆಚೆ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಒಂದು ಚೀರಾಟ.

ಬಾಗಿಲು ತೆರೆಯಿತು. ಲೆಕ್ಕದಕ್ಕ ನಿಂತಿದ್ದರು. ತುರುಬಿನಿಂದ ಹಿಡಿದು ಹುಬ್ಬಿನವರೆಗೆ ಸುಣ್ಣ. ಕೈಯಲ್ಲಿ ತೆರೆದ ಊಟದ ಡಬ್ಬಿ, ಡಬ್ಬಿಯಲ್ಲಿ ಅಂಗೈಯಗಲದ ಗಾರೆಯ ಚಕ್ಕೆ.

"ಊಟದ ಹೊತ್ತಿಗೇ ಶುರು ಮಾಡ್ಬಿಟ್ಯಾ?" ಎಂದರು. ದನಿ ಸಣ್ಣಗಿತ್ತು. ಅವರು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಕೇಳಿ ಬಾಣಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಮಾವ ಇಣುಕಿ ನೋಡಿ, "ಗಾರೆ ಬಿಟ್ಟಿದೆ, ನಾನು ಹೇಳ್ಲಿಲ್ವಾ? ತಾಯೀ, ಇನ್ನೊಂದು ಕಡೇನೂ ಬೀಳೋದಿದೆ, ಕುರ್ಚಿ ಸ್ವಲ್ಪ ಸರಿಸ್ಕೊಳ್ಳಿ" ಎಂದು ಸಮಾಧಾನ ಹೇಳಿದರು.

ಆಮೇಲೆ ನಡೆದದ್ದನ್ನು ಕಚೇರಿಯ ಜನ ಇವತ್ತಿಗೂ ನೆನೆಯುತ್ತಾರೆ. ಲೆಕ್ಕದಕ್ಕ ಸುಣ್ಣ ಸಮೇತ ನೆಟ್ಟಗೆ ಮಾತಿನಮಲ್ಲರ ಕೋಣೆಗೆ ನಡೆದರು. ಇಬ್ಬರೂ ಕೂಡಿ ಗೋದಾಮಣ್ಣನ ಕೋಣೆಗೆ ಹೋದರು. ಮಾತಿನಮಲ್ಲರು ಗೋದಾಮಣ್ಣನ ಮುಖ ನೋಡಿ, ವರ್ಷಗಳ ನಂತರ ಮೊದಲ ಮಾತಾಡಿದರು:

"ಅಣ್ಣಾ, ನಮ್ಮ ಜಗಳ ಆಮೇಲೆ ಇಟ್ಕೊಳ್ಳೋಣ. ಮೊದಲು ಗೋಡೆ ಉಳಿಸ್ಕೊಳ್ಳೋಣ."

"ಜಗಳ ಆಡ್ಬೇಕಾದ್ರೂ ಗೋಡೆ ಇರ್ಬೇಕಲ್ಲಪ್ಪಾ" ಎಂದು ಗೋದಾಮಣ್ಣ ಎದ್ದು ಬಂದರು.

ಮೂವರೂ ಸಭೆಯ ಕೋಣೆ ಹೊಕ್ಕು ಬಾಗಿಲು ಹಾಕಿ ಚಿಲಕ ಇಟ್ಟುಕೊಂಡರು. ಕೋಣೆಗೆ ಒಂದು ಬದಿ ಪೂರ್ತಿ ಗಾಜು. ಬಾಣಪ್ಪ ಹೊರಗಿನಿಂದ ಗಾಜು ಬಡಿದು, "ಅಕ್ಕಾ, ಅಣ್ಣಾ, ಒಂದು ನಿಮಿಷ! ತಪ್ಪು ತಿಳ್ಕೊಂಡಿದೀರಿ! ನಾನು ಯಾವ ಗೋಡೇನೂ..." ಎಂದು ಕೂಗಿದ. ಮಾತಿನಮಲ್ಲರು ಒಳಗಿನಿಂದ ಪರದೆ ಎಳೆಯಲು ನೋಡಿದರು. ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ಆ ಅರ್ಧದಲ್ಲಿ ಬಾಣಪ್ಪನಿಗೆ ಒಳಗಿನ ಬಿಳಿ ಹಲಗೆ ಚೆನ್ನಾಗಿ ಕಾಣುತ್ತಿತ್ತು. ಬಾಗಿಲ ಸಂದಿನಿಂದ ಮಾತೂ ಕೇಳುತ್ತಿತ್ತು.

"ನಾವು ಯಾಕೆ ಈಗಿರೋ ಕಡೇನೇ ಇರ್ಬೇಕು ಅಂತ ಮೇಡಂಗೆ ಕಾರಣ ತೋರಿಸ್ಬೇಕು" ಎನ್ನುತ್ತಿದ್ದರು ಲೆಕ್ಕದಕ್ಕ. "ಯಾರ ಕೆಲಸ ಯಾರಿಗೆ ಹೋಗುತ್ತೆ ಅಂತ ಬರೀರಿ. ಮಲ್ಲಪ್ಪಾ, ಗಿರಾಕಿ ಬಂದ. ನೀನು ಏನು ಮಾಡ್ತೀಯ?"

"ನಾನು ಗಿರಾಕಿಗೆ ಒಂದು ನಂಬರು ಕೊಡ್ತೀನಿ."

"ನೀನ್ಯಾಕೆ ಕೊಡ್ತೀಯ? ನಂಬರು ಕೊಡೋಳು ನಾನು!"

"ಅಯ್ಯೋ, ನಾನೂ ಒಂದು ಕೊಡ್ತೀನಲ್ಲ!" ಎಂದರು ಗೋದಾಮಣ್ಣ.

ಒಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಣಪ್ಪ ಬಾಗಿಲ ಸಂದಿಗೆ ಇನ್ನಷ್ಟು ಹತ್ತಿರ ಸರಿದ.

"ಹಾಗಾದ್ರೆ ಆ ತೊಟ್ಟಿಲ ಹಾಸಿಗೆ..." ಎಂದು ಮಾತಿನಮಲ್ಲರು ರಾಗ ಎಳೆದರು.

"ನಿನ್ನ ನಂಬರಲ್ಲಿ ಅವರು ಹೊಸ ಜೋಡಿ. ನನ್ನ ನಂಬರಲ್ಲಿ ಅದು ಯಾವುದೋ ಶಿಶುವಿಹಾರ" ಎಂದರು ಗೋದಾಮಣ್ಣ. "ನನ್ನದೇನು ತಪ್ಪು? ಕಂಪ್ಯೂಟರು ತೊಟ್ಟಿಲು ಅಂತು, ಕಳಿಸಿದೆ."

ಮೊದಲು ನಕ್ಕದ್ದು ಯಾರೋ ತಿಳಿಯದು. ಲೆಕ್ಕದಕ್ಕನೇ ಇರಬೇಕು, ಏಕೆಂದರೆ ತಲೆಯಿಂದ ಸುಣ್ಣ ಉದುರಿದ್ದು ಕಾಣಿಸಿತು. ಆಮೇಲೆ ಮೂವರೂ ಮೇಜು ಬಡಿದು ಬಡಿದು ನಕ್ಕರು. ಗೋದಾಮಣ್ಣ ಕಣ್ಣೊರೆಸಿಕೊಂಡು ಎದ್ದು, ಹಲಗೆಯ ಮೇಲೆ ಮೂರು ಚೌಕ ಬರೆದರು. ಮಾತಿನಮಲ್ಲರು ನಡುವೆ ಬಾಣ ಎಳೆದರು. ಲೆಕ್ಕದಕ್ಕ ಒಂದು ಬಾಣ ಒರೆಸಿ, ಅದನ್ನು ತಿರುಗಿಸಿ ಬರೆದರು. "ಇಲ್ಲಿ ಒಂದೇ ನಂಬರು ಸಾಕು, ಮೂರೂ ಜನ ಅದನ್ನೇ ಇಟ್ಕೊಳ್ಳೋಣ" ಎಂದರು. "ಒಪ್ಪಿದೆ" ಎಂದರು ಗೋದಾಮಣ್ಣ. "ನಂದೂ ಒಪ್ಪಿಗೆ" ಎಂದರು ಮಾತಿನಮಲ್ಲರು.

ಬಾಣಪ್ಪನ ಕಣ್ಣು ಮಂಜಾಯಿತು. ತಾನು ನೆಲದ ಮೇಲೆ ಮಲಗಿ ಬರೆದ ನಕ್ಷೆ ಅಲ್ಲಿ ಅಷ್ಟಷ್ಟಾಗಿ ಮೂಡುತ್ತಿತ್ತು. ಬರೀ ಮೂಡುತ್ತಿರಲಿಲ್ಲ, ತನ್ನದಕ್ಕಿಂತ ಚೆನ್ನಾಗಿ ಮೂಡುತ್ತಿತ್ತು.

ಪಕ್ಕದಲ್ಲಿ ನಿಂತ ಮಾವ ಗಾಜಿಗೆ ಮೂಗು ಒತ್ತಿ, "ಅಳಿಯಂದಿರೇ, ಇವರು ಏನು ಮಾಡ್ತಿದಾರೆ?" ಎಂದು ಕೇಳಿದರು.

"ನನ್ನ ಕೆಲಸ, ಮಾವ" ಎಂದ ಬಾಣಪ್ಪ.

"ಅವರೇ ಮಾಡೋದಾದ್ರೆ ನಿಮಗ್ಯಾಕೆ ಸಂಬಳ?" ಎಂದು ಮಾವ ನಿಷ್ಕಪಟವಾಗಿ ಕೇಳಿ, ಬಾಯಾರಿಕೆ ಎಂದು ಕಾಫಿ ಹುಡುಕಿಕೊಂಡು ಹೊರಟುಹೋದರು.

ಬಾಣಪ್ಪ ಅಲ್ಲೇ ನಿಂತ. ನಿಂತಂತೆ ಅವನಿಗೆ ಒಂದು ಹೊಸ ಚಿಂತೆ ಹತ್ತಿತು. ಈಗ ಒಳಗೆ ಹೋಗಿ ನಿಜ ಹೇಳಿದರೆ? 'ಅಯ್ಯೋ ಇಷ್ಟೇನಾ' ಎಂದು ಎದ್ದು ತಮ್ಮತಮ್ಮ ಕೋಣೆ ಸೇರುತ್ತಾರೆ, ಮತ್ತೆ ತಕ್ಕಡಿಯ ಕಪ್ಪೆಗಳೇ. ಹೇಳದಿದ್ದರೆ? ಸಂಜೆ ದೊಡ್ಡ ಮೇಡಂ ಎದುರಿಗೆ 'ಇವನು ಗೋಡೆ ಒಡೆದ' ಎಂದು ದೂರುತ್ತಾರೆ. ಅತ್ತ ದರಿ, ಇತ್ತ ಪುಲಿ. ಬಡಿಯಲು ಎತ್ತಿದ ಕೈಯನ್ನು ಅವನು ಮೆಲ್ಲನೆ ಇಳಿಸಿದ. ನಕ್ಷೆ ಮುಗಿಯಲಿ, ಆಮೇಲೆ ಆದದ್ದಾಗಲಿ ಎಂದುಕೊಂಡ. ಅವನ ವೃತ್ತಿಜೀವನದಲ್ಲಿ ಅದೊಂದೇ ಧೈರ್ಯದ ನಿರ್ಧಾರ, ಅದೂ ಏನೂ ಮಾಡದಿರುವ ನಿರ್ಧಾರ.

ಸಂಜೆ ದೊಡ್ಡ ಮೇಡಂ ಬಂದು ಕೂತಾಗ ಮೂವರು ಮುಖ್ಯಸ್ಥರೂ ಒಂದೇ ಬೆಂಚಿನ ಮೇಲೆ, ಪರೀಕ್ಷೆಗೆ ಬಂದ ಮಕ್ಕಳಂತೆ ಒತ್ತಿಕೊಂಡು ಕೂತಿದ್ದರು. ಬಾಣಪ್ಪ ತನ್ನ ನಕ್ಷೆಯನ್ನು ಬಿಚ್ಚಲೇ ಇಲ್ಲ. ಬಿಚ್ಚುವ ಮೊದಲೇ ಮಾತಿನಮಲ್ಲರು ಎದ್ದು ನಿಂತಿದ್ದರು.

"ಮೇಡಂ, ಒಂದು ಇಟ್ಟಿಗೇನೂ ಅಲ್ಲಾಡಿಸ್ಬೇಕಾಗಿಲ್ಲ. ನೋಡಿ, ನಮ್ಮ ಮೂರು ವಿಭಾಗ ಹೇಗೆ ಒಂದೇ ಮನೆಯವರ ಥರ ಕೆಲಸ ಮಾಡುತ್ತೆ ಅಂತ."

"ಮಾಡುತ್ತೆ ಅಂದ್ರೆ, ಸೋಮವಾರದಿಂದ" ಎಂದು ತಿದ್ದಿದರು ಲೆಕ್ಕದಕ್ಕ. ಸುಳ್ಳು ಅವರಿಗೆ ಆಗದು.

ಅವರು ಹಲಗೆ ತೋರಿಸಿದರು. ಗಿರಾಕಿಗೆ ಒಂದೇ ನಂಬರು. ಮಾರಾಟದವರು ಬರೆದದ್ದನ್ನೇ ಗೋದಾಮು ನೋಡುವುದು, ಗೋದಾಮು ಕಳಿಸಿದ್ದನ್ನೇ ಲೆಕ್ಕದವರು ನೋಡುವುದು. ಮೂರು ಹಳೆಯ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಎರಡು ಬೇಡವೇ ಬೇಡ. ವಾರಕ್ಕೊಮ್ಮೆ ಮೂವರೂ ಒಟ್ಟಿಗೆ ಕೂರುವುದು. ದೊಡ್ಡ ಮೇಡಂ ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬಂದರು. ಕೊನೆಗೆ ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

"ಇದನ್ನೇ ನಾನು ಕೇಳಿದ್ದು! ಇದೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರು!"

ಮೂವರಿಗೂ ಅವರು ಹೇಳಿದ್ದು ಏನೆಂದು ತಿಳಿಯಲಿಲ್ಲ. ಆದರೆ ಗೋಡೆ ಉಳಿಯಿತೆಂದು ತಿಳಿಯಿತು. ಗೋದಾಮಣ್ಣ ಮಾತಿನಮಲ್ಲರನ್ನು ತಬ್ಬಿಕೊಂಡರು. ಲೆಕ್ಕದಕ್ಕ ಇಬ್ಬರಿಗೂ ಕಾಫಿ ಕೊಡಿಸುವುದಾಗಿ ಹೇಳಿ ಕರೆದುಕೊಂಡು ಹೋದರು. ಹೋಗುವಾಗ ಮೂವರೂ ಬಾಣಪ್ಪನ ಕಡೆಗೆ ನೋಡಿದ ನೋಟ ಮಾತ್ರ, ಕೈಗೆ ಸಿಕ್ಕ ಕಳ್ಳನನ್ನು ಹೋಗಲಿ ಎಂದು ಬಿಟ್ಟವರ ನೋಟದಂತಿತ್ತು.

ಕೋಣೆಯಲ್ಲಿ ದೊಡ್ಡ ಮೇಡಂ, ಬಾಣಪ್ಪ ಇಬ್ಬರೇ ಉಳಿದರು.

"ಮೇಡಂ, ನಿಜ ಹೇಳಿಬಿಡ್ತೀನಿ" ಎಂದು ಬಾಣಪ್ಪ ಒಂದೇ ಉಸಿರಿಗೆ ಶುರು ಮಾಡಿದ. ಟೇಪು, ಫಲಕ, ಕಾಫಿ, ಹೆಂಡತಿಯ ಫೋನು, ಡಬ್ಬಿಗೆ ಬಿದ್ದ ಗಾರೆ, ಎಲ್ಲವನ್ನೂ ಹೇಳಿದ. "ನನ್ನ ಕೆಲಸ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹೆದರಿಕೆಗೆ ಒಂದಾಗಿದಾರೆ ಅಷ್ಟೆ. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಕರೆದು ವಿವರವಾಗಿ..."

"ಬಾಯಿ ಬಿಟ್ಟೀರಿ, ಜೋಕೆ!" ಎಂದರು ದೊಡ್ಡ ಮೇಡಂ.

"ಮೇಡಂ?"

"ತಿಂಗಳುಗಟ್ಟಲೆ ನೀವು ವಿವರವಾಗಿ ಹೇಳಿದ್ರಿ. ಏನಾಯ್ತು? ಇವತ್ತು ಅವರು ಒಟ್ಟಿಗೆ ಕೂತಿದ್ದು ಯಾಕೆ? ಇನ್ನು ಮುಂದೆ ಕೂರಬೇಕಾದ್ರೂ ಆ ಗೋಡೆ ಹೋಗುತ್ತೆ ಅನ್ನೋ ಸಣ್ಣ ಭಯ ಇರ್ಲೇಬೇಕು. ವಿಭಾಗ ಮುಚ್ಚಲ್ಲ. ಇವತ್ತಿಂದ ಅದು ಕಾಯಂ."

ಬಾಣಪ್ಪನ ಮುಖ ಅರಳಿತು. ಕಾಯಂ! ಬಡ್ತಿ, ಹೊಸ ಕುರ್ಚಿ, ಹೆಂಡತಿಯ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಸುಳಿದವು. "ತುಂಬಾ ಉಪಕಾರ ಮೇಡಂ. ಮುಖ್ಯಸ್ಥನಾಗಿ ನಾನು ನನ್ನ ಕೈಲಾದಷ್ಟು..."

"ಅದೇ ವಿಷಯ ಹೇಳ್ಬೇಕಿತ್ತು" ಎಂದು ದೊಡ್ಡ ಮೇಡಂ ಸ್ವಲ್ಪ ಮುಜುಗರದಿಂದ ಕೆಮ್ಮಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಕಂಡ್ರೆ ಯಾರಿಗೂ ಭಯ ಆಗಲ್ಲ. ಮಧ್ಯಾಹ್ನ ಕಾಫಿ ಯಂತ್ರದ ಹತ್ರ ಒಬ್ಬ ಹಿರಿಯರು ಸಿಕ್ಕಿದ್ರು. ಯಂತ್ರ ನಿಂತ ಗೋಡೇನ ಬಡಿದು ನೋಡ್ತಾ ಇದ್ರು. ಸುತ್ತ ಇದ್ದವರೆಲ್ಲಾ ಗಡಗಡ ನಡುಗ್ತಾ ಇದ್ರು. ಎಂಥಾ ವ್ಯಕ್ತಿತ್ವ! ಮಾತಾಡಿಸಿದೆ. ಗೋಡೆ ಕತೆಯೆಲ್ಲಾ ಅವರಿಂದಲೇ ಗೊತ್ತಾಯ್ತು. ಸೋಮವಾರದಿಂದ ವಿಭಾಗದ ಮುಖ್ಯಸ್ಥರಾಗಿ ಬರೋಕೆ ಒಪ್ಪಿದಾರೆ. ದಿನಾ ಒಂದು ಸುತ್ತು ಹಾಕಿ, ನಾಲ್ಕು ಕಡೆ ಬಡಿದು, ತಲೆ ಅಲ್ಲಾಡಿಸಿದ್ರೆ ಸಾಕು. ನೀವು ಅವರ ಕೈಕೆಳಗೆ ಇದ್ದು, ನಿಮ್ಮ ಚೌಕ, ಬಾಣ ಎಲ್ಲಾ ನೋಡ್ಕೊಳ್ಳಿ."

ಬಾಣಪ್ಪ ಮನೆ ತಲುಪಿದಾಗ ಬಾಗಿಲು ಹಾರು ಹೊಡೆದಿತ್ತು. ಒಳಗೆ ನಗು, ಮಾತು, ಏನೋ ಕರಿಯುವ ಘಮ. ಮಾವ ನಡುಮನೆಯ ಅವನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಹೊಸ ಅಂಗಿಯ ಗುಂಡಿ ಹಾಕಿ ನೋಡುತ್ತಿದ್ದರು. ಅಳಿಯನನ್ನು ಕಂಡು ಎಂದಿನಂತೆ ಏಳಲಿಲ್ಲ.

ಹೆಂಡತಿ ಓಡಿ ಬಂದು ಅವನ ಕೈಚೀಲ ತೆಗೆದುಕೊಂಡಳು. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು.

"ಅಪ್ಪ ಎಲ್ಲಾ ಹೇಳಿದ್ರು ರೀ. ನೀವೇನೂ ಯೋಚನೆ ಮಾಡ್ಬೇಡಿ. ನಿಮ್ಮ ಬಗ್ಗೆ ಮೇಡಂ ಹತ್ರ ಎಷ್ಟು ಚೆನ್ನಾಗಿ ಮಾತಾಡಿದಾರೆ ಗೊತ್ತಾ? 'ಹುಡುಗನಿಗೆ ಇನ್ನೂ ಗೋಡೆ ಬಡಿಯೋಕೆ ಬರಲ್ಲ, ಆದ್ರೆ ಹೇಳಿದ ಮಾತು ಕೇಳ್ತಾನೆ. ಇಟ್ಕೊಳ್ಳಿ, ನಾನು ತಿದ್ಕೋತೀನಿ' ಅಂದ್ರಂತೆ!"